ಚೂರಿಗೆ ಎಷ್ಟು ಕೊಡಬಹುದು?

ಮಂಗಳೂರಿನಲ್ಲಿ ನನಗೆ ಗೊತ್ತಿರುವವರ ಮನೆಗಳಲ್ಲಿ ಈಗ ಜಪಾನಿನ ಚಾಕುಗಳು ಕಾಣಿಸುತ್ತಿವೆ. ಕೆಲವು ಗಲ್ಫಿನಿಂದ ಬರುವಾಗ ತಂದವು. ಕೆಲವು ಆನ್‌ಲೈನಿನಲ್ಲಿ ತರಿಸಿ, ಕಸ್ಟಮ್ಸ್ ಸುಂಕ ಕಟ್ಟಿ ಬಿಡಿಸಿಕೊಂಡವು. ಹದಿನೈದು ಸಾವಿರ, ಇಪ್ಪತ್ತು ಸಾವಿರ, ಒಂದೆರಡು ಅದಕ್ಕಿಂತಲೂ ಜಾಸ್ತಿ. ನನಗೆ ಚೂರಿ ಮಸೆಯುವ ಹವ್ಯಾಸ ಇದೆ ಅಂತ ಗೊತ್ತಿರುವುದರಿಂದ ಅವೆಲ್ಲ ಒಂದಲ್ಲ ಒಂದು ದಿನ ನನ್ನ ಕಲ್ಲಿನ ಮೇಲೆ ಬರುತ್ತವೆ. ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. ಕೊಟ್ಟ ದುಡ್ಡಿಗೆ ಇದು ತಕ್ಕದ್ದಾ?

ನಾನು ಮೊದಲು ಚಾಕುವನ್ನು ಬೆಳಕಿಗೆ ಹಿಡಿದು ಬೆನ್ನಿನ ಕಡೆಯಿಂದ ನೋಡುತ್ತೇನೆ. ದುಡ್ಡು ಎಲ್ಲಿಗೆ ಹೋಗಿದೆ ಅಂತ ಅರ್ಧ ಅಲ್ಲೇ ಗೊತ್ತಾಗುತ್ತದೆ. ಚಾಕುವಿನ ಬೆಲೆ ನಾಲ್ಕು ಕಡೆ ಹಂಚಿಹೋಗುತ್ತದೆ. ಉಕ್ಕಿಗೆ, ಹದಕ್ಕೆ, ಅಲಗನ್ನು ತೆಳು ಮಾಡಿದ ಕೆಲಸಕ್ಕೆ, ಮತ್ತೆ ಅಂದಚಂದ ಹಾಗೂ ಹೆಸರಿಗೆ. ಈ ನಾಲ್ಕರಲ್ಲಿ ತರಕಾರಿ ಕತ್ತರಿಸುವುದು ಮುಖ್ಯವಾಗಿ ನಡುವಿನ ಎರಡು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಮೊದಲನೆಯದು ಮತ್ತು ಕೊನೆಯದು.

ಉಕ್ಕಿನ ವಿಷಯದಲ್ಲಿ ನಿಜವಾಗಿ ದೊಡ್ಡ ಕೆಲಸ ಆಗಿದೆ, ಅದನ್ನು ಕಡೆಗಣಿಸುವಂತಿಲ್ಲ. ಎಸ್30ವಿ ಅನ್ನುವ ಉಕ್ಕನ್ನು ಅಮೆರಿಕದ ಕ್ರೂಸಿಬಲ್ ಕಂಪನಿ 2001ರ ಹೊತ್ತಿಗೆ ಚಾಕುಗಳಿಗಾಗಿಯೇ ತಯಾರಿಸಿತು. ಕರಗಿದ ಉಕ್ಕನ್ನು ಅಚ್ಚಿಗೆ ಹೊಯ್ಯುವ ಬದಲು ಗ್ಯಾಸಿನ ರಭಸದಲ್ಲಿ ಸಿಡಿಸಿ ನುಣ್ಣನೆ ಪುಡಿ ಮಾಡುತ್ತಾರೆ. ಆ ಪುಡಿಯನ್ನು ಬಿಸಿಯಲ್ಲಿ, ಭಾರಿ ಒತ್ತಡದಲ್ಲಿ ಮತ್ತೆ ಒಂದಾಗಿಸುತ್ತಾರೆ. ಹಾಗೆ ಮಾಡಿದರೆ ಉಕ್ಕಿನೊಳಗಿನ ಕಾರ್ಬೈಡ್ ಅನ್ನುವ ಗಟ್ಟಿ ಕಣಗಳು ಸಣ್ಣದಾಗಿ, ಎಲ್ಲ ಕಡೆ ಸಮನಾಗಿ ಹರಡಿಕೊಳ್ಳುತ್ತವೆ. ಎಸ್30ವಿಯಲ್ಲಿ ನೂರಕ್ಕೆ ನಾಲ್ಕರಷ್ಟು ವೆನೇಡಿಯಂ ಇದೆ. ವೆನೇಡಿಯಂ ಕಾರ್ಬೈಡ್ ಸಾಮಾನ್ಯ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡಿಗಿಂತಲೂ ಗಟ್ಟಿ. ಅದಕ್ಕೇ ಅದರ ಬಾಯಿ ತುಂಬಾ ದಿನ ನಿಲ್ಲುತ್ತದೆ. ಅದಕ್ಕೇ ಮೊಂಡಾದ ಮೇಲೆ ಮನೆಯ ಕಲ್ಲಿಗೆ ಸುಲಭವಾಗಿ ಬಗ್ಗುವುದೂ ಇಲ್ಲ, ಡೈಮಂಡ್ ಕಲ್ಲು ಬೇಕು.

ಆದರೆ ಅಡುಗೆಮನೆಯ ಒಂದು ಚಾಕುವಿನಲ್ಲಿ ಉಕ್ಕು ಇರುವುದು ಹೆಚ್ಚೆಂದರೆ ಕಾಲು ಕಿಲೋ. ಚಾಕುವಿನ ಬೆಲೆಯಲ್ಲಿ ಅದರ ಪಾಲು ಸಣ್ಣದು. ಇನ್ನೂ ಒಂದು ವಿಷಯ ನೋಡಿ. ಜಪಾನಿನ ಸಾಕೈ ಊರಿನ ಹಲವು ದುಬಾರಿ ಚಾಕುಗಳನ್ನು ಯಾಸುಗಿಯ ‘ಬಿಳಿ ಕಾಗದದ ಉಕ್ಕಿ’ನಿಂದ ಮಾಡುತ್ತಾರೆ. ಕಾರ್ಖಾನೆಯಲ್ಲಿ ಬೇರೆ ಬೇರೆ ಉಕ್ಕಿಗೆ ಬೇರೆ ಬೇರೆ ಬಣ್ಣದ ಕಾಗದ ಸುತ್ತುತ್ತಿದ್ದರು, ಹೆಸರು ಹಾಗೆ ಬಂತು. ಆ ಬಿಳಿ ಉಕ್ಕಿನಲ್ಲಿ ಕಬ್ಬಿಣ ಮತ್ತು ಕಾರ್ಬನ್ ಬಿಟ್ಟರೆ ಹೆಚ್ಚೇನೂ ಇಲ್ಲ. ವೆನೇಡಿಯಂ ಇಲ್ಲ, ಪುಡಿ ಮಾಡುವ ಗೋಜಿಲ್ಲ. ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ಆದರೂ ಅದರ ಚಾಕುವಿಗೆ ಮೂವತ್ತು ಸಾವಿರ ಕೊಡುವವರಿದ್ದಾರೆ. ಅಂದರೆ ಆ ಬೆಲೆ ಉಕ್ಕಿನ ಚೀಟಿಗೆ ಕೊಟ್ಟದ್ದಲ್ಲ.

ಹದದ ವಿಷಯ ಅರ್ಥವಾಗಬೇಕಾದರೆ ಒಮ್ಮೆ ಕುಲುಮೆಯ ಹತ್ತಿರ ನಿಲ್ಲಬೇಕು. ಕಾರ್ಕಳದ ಆಚೆ ನನಗೆ ಪರಿಚಯದ ಒಬ್ಬರು ಆಚಾರ್ರು ಇದ್ದಾರೆ. ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಕತ್ತಿ, ಚೂರಿ ಮಾಡುತ್ತಾರೆ. ಗೆರಟೆಯ ಇದ್ದಿಲು, ಕೈಯಲ್ಲಿ ತಿರುಗಿಸುವ ಬ್ಲೋವರ್. ಶೆಡ್ಡಿನ ಒಳಗೆ ಬೇಕೆಂದೇ ಕತ್ತಲು ಇಟ್ಟಿದ್ದಾರೆ. ಬಿಸಿಲಿನಲ್ಲಿ ಕೆಂಪು ಎಷ್ಟು ಕೆಂಪು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಹಳೆ ಸ್ಪೀಕರಿನ ಒಂದು ಆಯಸ್ಕಾಂತ ತಂತಿಯಲ್ಲಿ ನೇತಾಡುತ್ತಿರುತ್ತದೆ. ಕಾದ ಅಲಗು ಅದಕ್ಕೆ ಅಂಟುವುದು ನಿಂತರೆ 770 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದೆ ಅಂತ ಅರ್ಥ. ಅದಕ್ಕಿಂತ ಸ್ವಲ್ಪವೇ ಮೇಲೆ ಹೋಗಬೇಕು. ಜಾಸ್ತಿ ಕಾಯಿಸಿದರೆ ಉಕ್ಕಿನ ಒಳಗಿನ ಹರಳುಗಳು ದಪ್ಪವಾಗುತ್ತವೆ, ಬಾಯಿ ಬೇಗ ಮುರಿಯುತ್ತದೆ. ಕಮ್ಮಿ ಕಾಯಿಸಿದರೆ ಗಟ್ಟಿಯಾಗುವುದೇ ಇಲ್ಲ. ಆಮೇಲೆ ಬಾಯಿಯ ಭಾಗವನ್ನಷ್ಟೇ ನೀರಿಗೆ ಮುಳುಗಿಸುತ್ತಾರೆ. ಬೆನ್ನಿನಲ್ಲಿ ಉಳಿದ ಬಿಸಿ ಮೆಲ್ಲಗೆ ಬಾಯಿಯ ಕಡೆಗೆ ಹರಿಯುತ್ತದೆ. ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಒಣಹುಲ್ಲಿನ ಬಣ್ಣ ಮೂಡಿದ ಕೂಡಲೇ ಮತ್ತೆ ನೀರು. ಅದು 220-230 ಡಿಗ್ರಿಯ ಬಣ್ಣ. ನೇರಳೆ ಬಂದರೆ ಹದ ಇಳಿಯಿತು, ನೀಲಿ ಬಂದರೆ ಚೂರಿಗೆ ಪ್ರಯೋಜನವಿಲ್ಲ.

ಈ ಕೆಲಸ ಮುಗಿಯುವುದು ಕೆಲವೇ ಕ್ಷಣಗಳಲ್ಲಿ. ಆದರೆ ಆ ಕ್ಷಣಗಳಲ್ಲಿ ಚೂರಿಯ ಹಣೆಬರಹ ತೀರ್ಮಾನವಾಗುತ್ತದೆ. ಲಾರಿ ಪ್ಲೇಟಿನಲ್ಲಿ ಕಾರ್ಬನ್ ಇರುವುದು ಶೇಕಡಾ ಅರ್ಧದಿಂದ 0.6ರಷ್ಟು ಮಾತ್ರ. ಆದರೂ ಸರಿಯಾಗಿ ಹದ ಹಿಡಿದರೆ ಅದರ ಬಾಯಿ, ಹದಗೆಟ್ಟ ದುಬಾರಿ ಉಕ್ಕಿನ ಬಾಯಿಗಿಂತ ಎಷ್ಟೋ ಮೇಲು. ಸ್ಟೇನ್‌ಲೆಸ್ ಉಕ್ಕಿಗೆ ಇದಕ್ಕಿಂತ ಕಷ್ಟದ ದಾರಿ. ಸಾವಿರ ಡಿಗ್ರಿ ದಾಟಿ ಕಾಯಿಸಿ, ಅಲ್ಲೇ ಕೆಲವು ನಿಮಿಷ ಹಿಡಿದಿಟ್ಟು, ಬೇಗ ತಣಿಸಿ, ಕೆಲವಕ್ಕೆ ದ್ರವ ನೈಟ್ರೋಜನ್ನಿನ ಚಳಿಯನ್ನೂ ಕೊಡಬೇಕು. ಅದು ಕಣ್ಣಳತೆಯಲ್ಲಿ ಆಗುವ ಕೆಲಸ ಅಲ್ಲ. ಒಳ್ಳೆಯ ಕಂಪನಿಗಳು ಆ ಒಲೆಗೆ, ಆ ಲೆಕ್ಕಕ್ಕೆ, ಹಾಳಾದ ಅಲಗುಗಳನ್ನು ಬಿಸಾಡುವುದಕ್ಕೆ ದುಡ್ಡು ಹಾಕುತ್ತವೆ. ಅದನ್ನು ನಮ್ಮಿಂದ ವಸೂಲಿ ಮಾಡುವುದರಲ್ಲಿ ತಪ್ಪಿಲ್ಲ.

ಹದ ಎಷ್ಟು ಗಟ್ಟಿ ಅಂತ ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ. ವಿಕ್ಟೋರಿನಾಕ್ಸ್ ಚಾಕುಗಳು ಸುಮಾರು 56. ಜಪಾನಿನವು 60ರಿಂದ 63, ಕೆಲವು ಅದಕ್ಕೂ ಮೇಲೆ. ಮೆದು ಬಾಯಿ ಪೆಟ್ಟು ಬಿದ್ದರೆ ಮಡಚುತ್ತದೆ. ಗಟ್ಟಿ ಬಾಯಿ ಮಡಚುವುದಿಲ್ಲ, ಚಕ್ಕೆ ಏಳುತ್ತದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮೀನಿನ ಮಾತು ಬರುವಾಗ ಬೇಕಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ. ಅಲಗಿನ ತೆಳು.

ಪೇಟೆಯಲ್ಲಿ ಸಿಗುವ ದಪ್ಪ ಚಾಕುವಿನಿಂದ ಸುವರ್ಣಗಡ್ಡೆ ಕತ್ತರಿಸಿ ನೋಡಿ. ಬಾಯಿ ಎಷ್ಟೇ ಹರಿತವಿರಲಿ, ಅರ್ಧಕ್ಕೆ ಹೋದ ಮೇಲೆ ಚಾಕು ಸಿಕ್ಕಿಹಾಕಿಕೊಳ್ಳುತ್ತದೆ. ಕೈ ಊರಿ ಒತ್ತಬೇಕು. ಕೊನೆಗೆ ಗಡ್ಡೆ ಟಕ್ಕೆಂದು ಸೀಳುತ್ತದೆ. ಅಲ್ಲಿ ಆದದ್ದು ಕತ್ತರಿಸುವ ಕೆಲಸ ಅಲ್ಲ, ಅಲಗು ಗಡ್ಡೆಯನ್ನು ಎರಡು ಕಡೆಗೆ ದೂಡಿ ಒಡೆದದ್ದು. ಒಳ್ಳೆಯ ಅಲಗಿನಲ್ಲಿ ಬಾಯಿಯ ಹಿಂದೆಯೇ ದಪ್ಪ ಕಾಲು ಮಿಲಿಮೀಟರಿಗಿಂತ ಕಮ್ಮಿ ಇರುತ್ತದೆ. ಅಲ್ಲಿಂದ ಬೆನ್ನಿನ ತನಕ ಬಹಳ ನಿಧಾನವಾಗಿ ದಪ್ಪವಾಗುತ್ತಾ ಹೋಗುತ್ತದೆ. ಬದಿಗಳು ಸಪಾಟಾಗಿಯೂ ಇರುವುದಿಲ್ಲ, ಸ್ವಲ್ಪ ಉಬ್ಬಿರುತ್ತವೆ. ಹಾಗಾಗಿ ಮಂಗಳೂರು ಸೌತೆಯ ಹೋಳು ಅಲಗಿಗೆ ಅಂಟದೆ ಬೀಳುತ್ತದೆ. ಈರುಳ್ಳಿ ಜಜ್ಜಿಹೋಗುವುದಿಲ್ಲ, ಕಣ್ಣೀರೂ ಕಮ್ಮಿ.

ಇದನ್ನು ಮೆಷಿನ್ನಿನಲ್ಲಿ ಒಂದು ಮಟ್ಟದ ತನಕ ಮಾಡಬಹುದು. ಅದಕ್ಕಿಂತ ಮುಂದೆ ಹೋಗಬೇಕಾದರೆ ಒಬ್ಬ ಮನುಷ್ಯ ದೊಡ್ಡ ಒದ್ದೆ ಚಕ್ರದ ಮುಂದೆ ಕುಳಿತು, ಬೆರಳಿನಿಂದ ಒತ್ತಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒತ್ತಿ ತೆಳು ಮಾಡಬೇಕು. ಒಂದು ಸಲ ಜಾಸ್ತಿ ಒತ್ತಿದರೆ ಅಲಗು ಹೋಯಿತು. ಸಾಕೈಯಲ್ಲಿ ಬಡಿಯುವವರು ಬೇರೆ, ಮಸೆಯುವವರು ಬೇರೆ, ಹಿಡಿ ಹಾಕುವವರು ಬೇರೆ. ಒಂದೊಂದು ಕೆಲಸಕ್ಕೂ ಜೀವನ ಕೊಟ್ಟ ಜನ. ನಾನು ಮಸೆದಿರುವ ದುಬಾರಿ ಚಾಕುಗಳಲ್ಲಿ ಮನಸ್ಸಿಗೆ ಹಿಡಿಸಿದವು ಎಲ್ಲವೂ ಈ ಕೆಲಸದಲ್ಲಿ ಗೆದ್ದವು. ಅವುಗಳನ್ನು ಕಲ್ಲಿನ ಮೇಲೆ ಇಟ್ಟರೆ ಬಾಯಿ ಇಡೀ ಉದ್ದಕ್ಕೆ ಒಂದೇ ಸಮ ತಾಗುತ್ತದೆ. ಎಲ್ಲೂ ಹಳ್ಳ ಇಲ್ಲ, ಉಬ್ಬು ಇಲ್ಲ. ಅಷ್ಟು ಸಮ ಬರಬೇಕಾದರೆ ಎಷ್ಟು ಹೊತ್ತು ಹಿಡಿದಿರಬಹುದು ಅಂತ ಮಸೆಯುವವರಿಗೆ ತಕ್ಷಣ ಗೊತ್ತಾಗುತ್ತದೆ. ಹೆಸರು ದೊಡ್ಡದಿದ್ದು, ಬೆಲೆ ಅಷ್ಟೇ ಇದ್ದು, ಅಲಗು ಉಳಿಯಂತೆ ದಪ್ಪ ಇದ್ದವೂ ಬಂದಿವೆ. ಅಂಥದ್ದಕ್ಕೆ ಕೊಟ್ಟ ಹೆಚ್ಚಿನ ದುಡ್ಡು ಸುಮ್ನೆ ಹೋದದ್ದು.

ಶೆಫೀಲ್ಡಿನಲ್ಲಿ ಕ್ಯಾಟ್ರಾ ಅನ್ನುವ ಸಂಸ್ಥೆ ಇದೆ. ಚಾಕುಗಳ ಪರೀಕ್ಷೆಗೆ ಅವರದ್ದೇ ಯಂತ್ರ ಇದೆ. ಮರಳಿನ ಅಂಶ ಬೆರೆಸಿದ ದಪ್ಪ ಕಾಗದವನ್ನು ಚಾಕು ಹಿಂದೆ ಮುಂದೆ ಹೋಗುತ್ತಾ ಕತ್ತರಿಸುತ್ತದೆ. ಒಟ್ಟು ಎಷ್ಟು ಕತ್ತರಿಸಿತು ಅಂತ ಅಳೆಯುತ್ತಾರೆ. ಈ ಬಗೆಯ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡದ್ದು, ಬಾಯಿಯ ಕೋನ ಕಿರಿದು ಮಾಡಿದರೆ ಅದೇ ಉಕ್ಕು ಎಷ್ಟೋ ಹೆಚ್ಚು ಹೊತ್ತು ಕತ್ತರಿಸುತ್ತದೆ ಅಂತ. ಸಾಧಾರಣ ಉಕ್ಕನ್ನು ಕಿರಿದಾದ ಕೋನದಲ್ಲಿ ಮಸೆದರೆ, ಅಗಲ ಕೋನದಲ್ಲಿರುವ ಮೇಲ್ದರ್ಜೆಯ ಉಕ್ಕನ್ನು ಹಿಂದೆ ಹಾಕಬಹುದು. ಕೋನ ಕಿರಿದು ಮಾಡುವುದಕ್ಕೆ ಒಂದು ಕಲ್ಲು ಮತ್ತು ತಾಳ್ಮೆ ಸಾಕು.

ಹಾಗಾಗಿ ನನ್ನ ಮಟ್ಟಿಗೆ ಎಲ್ಲ ದುಬಾರಿ ಚಾಕುಗಳಿಗೂ ಅಳತೆಗೋಲು ವಿಕ್ಟೋರಿನಾಕ್ಸಿನ ಸಣ್ಣ ತರಕಾರಿ ಚಾಕು. ಸ್ವಿಟ್ಜರ್ಲೆಂಡಿನ ಈಬಾಕ್‌ನಲ್ಲಿ 1884ರಲ್ಲಿ ಕಾರ್ಲ್ ಎಲ್ಸೆನರ್ ಶುರು ಮಾಡಿದ ಕಂಪನಿ. ಪ್ಲಾಸ್ಟಿಕ್ ಹಿಡಿ, ಕೆಲವು ನೂರು ರೂಪಾಯಿ. ಅಲಗು ನಿಜವಾಗಿ ತೆಳು. ಮೆದು ಉಕ್ಕು, ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಮತ್ತೆ ಹರಿತವಾಗುತ್ತದೆ. ಹಾಗಲಕಾಯಿ, ಬೀನ್ಸ್, ಟೊಮೆಟೊ ಇದರಲ್ಲಿ ಚಂದಕ್ಕೆ ಆಗುತ್ತದೆ. ಇದಕ್ಕಿಂತ ಯಾವುದರಲ್ಲಿ ಮೇಲು ಅಂತ ಒಂದು ದುಬಾರಿ ಚಾಕು ಕೈಯಲ್ಲೇ ತೋರಿಸಿಕೊಡಬೇಕು.

ಅಂದಚಂದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲೆಅಲೆಯಾಗಿ ಗೆರೆ ಇರುವ ‘ಡಮಾಸ್ಕಸ್’ ಚಾಕು ನೋಡಲು ಬಹಳ ಚೆಂದ. ಆದರೆ ಈಗಿನ ಅಡುಗೆ ಚಾಕುಗಳಲ್ಲಿ ಹೆಚ್ಚಿನವಕ್ಕೆ ಆ ಗೆರೆ ಹೊರಗಿನ ಹೊದಿಕೆಯಲ್ಲಿ ಮಾತ್ರ. ನಡುವಿನ ಉಕ್ಕು, ಬಹಳ ಸಲ ವಿಜಿ-10, ಅದೇ ಕತ್ತರಿಸುವುದು. ಹೊದಿಕೆಯ ಪದರಗಳು ಬಾಯಿಯ ತನಕ ಬರುವುದೇ ಇಲ್ಲ. ಹಳೆಯ ಕಾಲದ ನಿಜವಾದ ಡಮಾಸ್ಕಸ್ ಖಡ್ಗಗಳ ಕತೆ ಬೇರೆ. ಅದಕ್ಕೆ ಬೇಕಾದ ಉಕ್ಕು ದಕ್ಷಿಣ ಭಾರತದ ಮಣ್ಣಿನ ಮೂಸೆಗಳಿಂದ ಹೋಗುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ನಮ್ಮ ಕರಾವಳಿಗೂ ಬಂದಿದ್ದ ಫ್ರಾನ್ಸಿಸ್ ಬುಕನನ್ ಆ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1819ರಿಂದ ಕೆಲವು ವರ್ಷ ಲಂಡನ್ನಿನಲ್ಲಿ ಕುಳಿತು ಈ ಉಕ್ಕಿನ ಗುಟ್ಟು ಹುಡುಕುತ್ತಿದ್ದರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಮೂಸೆಯ ಉಕ್ಕಿನ ಗುಟ್ಟನ್ನು ಅಷ್ಟು ದೊಡ್ಡ ವಿಜ್ಞಾನಿ ಹುಡುಕಿದ್ದರು ಅಂತ ಶಾಲೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಜೇಬಿಗೆ ಹಾಕುವ ಮಡಚುವ ಚಾಕುಗಳದ್ದು ಇನ್ನೊಂದು ಲೋಕ. ಕ್ರಿಸ್ ರೀವ್ ಅವರ ಸೆಬೆಂಜಾ 400 ಡಾಲರಿಗೂ ಜಾಸ್ತಿ. ಬೀಗ, ಕೀಲು ಎಲ್ಲವನ್ನೂ ಕೂದಲಿನ ಎಳೆಗಿಂತ ಸಣ್ಣ ಅಳತೆಯಲ್ಲಿ ಕೂಡಿಸುತ್ತಾರೆ. ಆ ಕೆಲಸವನ್ನು ನಾನು ಗೌರವಿಸುತ್ತೇನೆ. ಆದರೆ ಅಡಿಕೆ ಕತ್ತರಿಸಲು, ರಟ್ಟಿನ ಪೆಟ್ಟಿಗೆ ಒಡೆಯಲು ಅದು ಬೇಡ. ಅದು ಆಸೆಗೆ ಕೊಡುವ ದುಡ್ಡು, ಕೈಯಲ್ಲಿದ್ದವರು ಸಂತೋಷದಿಂದ ಕೊಡಲಿ.

ಬೇರೆ ದೇಶದವರು ಬರೆದದ್ದನ್ನು ಓದಿ ಚಾಕು ಕೊಳ್ಳುವವರಿಗೆ ನಾನು ಹೇಳುವ ಮಾತು ಇದು: ಮೊದಲು ನಿಮ್ಮ ಅಡುಗೆಮನೆಯಲ್ಲಿ ಏನೇನು ಕತ್ತರಿಸುತ್ತೀರಿ ಅಂತ ನೋಡಿ. ನಮ್ಮಲ್ಲಿ ಗುಜ್ಜೆ, ಅಂದರೆ ಎಳೆ ಹಲಸು, ಇದೆ. ಅದರ ಸಿಪ್ಪೆ ಮುಳ್ಳು, ನಡುವಿನ ದಿಂಡು ಗಟ್ಟಿ, ಮೇಣ ಅಲಗಿಗೆ ಅಂಟಿದರೆ ತೆಂಗಿನೆಣ್ಣೆ ಇಲ್ಲದೆ ಬಿಡುವುದಿಲ್ಲ. ಬಾಳೆದಿಂಡಿನ ನಾರು ಇದೆ. ತೆಂಗಿನಕಾಯಿ ಒಡೆಯುವುದು ಕತ್ತಿಯ ಬೆನ್ನಿನಿಂದ. ಮಟ್ಟುಗುಳ್ಳ ಬದನೆ ಹೆಚ್ಚಿದರೆ ಕಬ್ಬಿಣದ ಅಲಗು ಕಪ್ಪಾಗುತ್ತದೆ, ಹೋಳೂ ಕಪ್ಪಾಗುತ್ತದೆ. ಹುಣಸೆ, ಪುನರ್ಪುಳಿ, ಬಿಂಬುಳಿಯ ಹುಳಿ ಬೇರೆ.

ಮೀನಿನ ವಿಷಯಕ್ಕೆ ಬಂದರೆ ಮಲ್ಪೆಯ ಬಂದರಿನಲ್ಲೋ ಮಂಗಳೂರಿನ ಸ್ಟೇಟ್ ಬ್ಯಾಂಕ್ ಹತ್ತಿರದ ಮಾರ್ಕೆಟಿನಲ್ಲೋ ಮೀನು ತುಂಡು ಮಾಡುವವರನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಅಂಜಲಿನ ನಡುಮುಳ್ಳಿಗೆ ಭಾರದ ಕತ್ತಿ, ಕೆಳಗೆ ಮರದ ಕೊರಡು. ಒಂದೇ ಪೆಟ್ಟು, ತುಂಡು ಸಮ. ಬಂಗುಡೆ, ಬೂತಾಯಿಗೆ ಸಣ್ಣ ಚೂರಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಲ್ಲಿಗೆ ನಾಲ್ಕು ಸಲ ಎಳೆದುಕೊಳ್ಳುತ್ತಾರೆ. ಅವರ ಕೈಯಲ್ಲಿ 63 ರಾಕ್‌ವೆಲ್ಲಿನ ತೆಳು ಗ್ಯೂಟೊ, ಅಂದರೆ ಜಪಾನಿನವರ ಸಾಮಾನ್ಯ ಅಡುಗೆ ಚಾಕು, ಕೊಟ್ಟರೆ ಮೊದಲನೇ ಅಂಜಲಿಗೇ ಬಾಯಿಯಿಂದ ಚಕ್ಕೆ ಎದ್ದುಹೋಗುತ್ತದೆ. ಅದು ಚಾಕುವಿನ ದೋಷ ಅಲ್ಲ, ಅದನ್ನು ಆ ಕೆಲಸಕ್ಕೆ ಮಾಡಿಯೇ ಇಲ್ಲ. ಜಪಾನಿನವರೂ ಮೀನಿನ ತಲೆ ತೆಗೆಯಲು ದೆಬಾ ಅಂತ ಬೇರೆ ದಪ್ಪ ಚಾಕು ಇಟ್ಟುಕೊಂಡಿದ್ದಾರೆ. ನನ್ನ ಹತ್ತಿರ ಬರುವ ಚಕ್ಕೆ ಎದ್ದ ಚಾಕುಗಳಲ್ಲಿ ಹೆಚ್ಚಿನವು ಮುಳ್ಳಿಗೆ ಅಥವಾ ತೆಂಗಿನ ಗೆರಟೆಗೆ ತಾಗಿದವು.

ಮತ್ತೆ ನಮ್ಮ ಮೆಟ್ಟುಕತ್ತಿ ಇದೆಯಲ್ಲ. ಅಲಗು ನೆಟ್ಟಗೆ ನಿಂತಿರುತ್ತದೆ, ಎರಡೂ ಕೈ ಖಾಲಿ. ನನ್ನ ಅಮ್ಮ ಅದರಲ್ಲಿ ಅಲಸಂಡೆ ಹೆಚ್ಚುವ ವೇಗಕ್ಕೆ ನನ್ನ ಯಾವ ಚಾಕುವೂ ಸಮ ಅಲ್ಲ. ಹಲಗೆ ಬೇಡ, ಕಟ್ಟೆ ಬೇಡ. ಜಪಾನಿನ ಚಾಕುವಿಗೆ ಹಲಗೆ ಬೇಕೇ ಬೇಕು, ಅದೂ ಮರದ್ದು. ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯ ಮೇಲೆ ಕತ್ತರಿಸುವವರಿಗೆ ದುಬಾರಿ ಚಾಕು ಖಂಡಿತ ಬೇಡ. ಒಂದೇ ದಿನದಲ್ಲಿ ಆ ಬಾಯಿ ಮುಗಿಯುತ್ತದೆ.

ಮಳೆಗಾಲದ ಬಗ್ಗೆ ಹೇಳದಿದ್ದರೆ ಈ ಊರಿನ ಚಾಕುವಿನ ಮಾತು ಪೂರ್ತಿ ಆಗುವುದಿಲ್ಲ. ವರ್ಷಕ್ಕೆ ಮೂರೂವರೆ ಮೀಟರ್ ಆಸುಪಾಸು ಮಳೆ, ಮೇಲಿಂದ ಕಡಲಿನ ಉಪ್ಪುಗಾಳಿ. ಆಟಿ ತಿಂಗಳಲ್ಲಿ ಕಾರ್ಬನ್ ಉಕ್ಕಿನ ಚಾಕುವನ್ನು ಒರೆಸದೆ ಇಟ್ಟರೆ ಬೆಳಿಗ್ಗೆ ಕೆಂಪು ಚುಕ್ಕೆ. ಚರ್ಮದ ಒರೆಯಲ್ಲಿ ಇಟ್ಟರೆ ಇನ್ನೂ ಬೇಗ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ಒಪಿನೆಲ್ ಅಂತ ಫ್ರಾನ್ಸಿನ ಒಂದು ಚೆಂದದ ಮಡಚುವ ಚಾಕು ಇದೆ, 1890ರಿಂದ ಮಾಡುತ್ತಿದ್ದಾರೆ. ಅದರ ಮರದ ಹಿಡಿ ಜುಲೈಯಲ್ಲಿ ಉಬ್ಬಿಕೊಂಡು ಅಲಗು ಹೊರಗೆ ಬರುವುದೇ ಇಲ್ಲ. ಸ್ಟೇನ್‌ಲೆಸ್ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂತಲೂ ಇಲ್ಲ. ಉಕ್ಕಿನಲ್ಲಿ ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಸ್ಟೇನ್‌ಲೆಸ್ ಅನ್ನುತ್ತಾರೆ. ಆದರೆ ಚಾಕುವಿನ ಉಕ್ಕಿನಲ್ಲಿ ಕಾರ್ಬನ್ ಜಾಸ್ತಿ ಇರುವುದರಿಂದ ಒಂದಷ್ಟು ಕ್ರೋಮಿಯಂ ಕಾರ್ಬೈಡಿಗೆ ಕಟ್ಟುಬೀಳುತ್ತದೆ, ತುಕ್ಕು ತಡೆಯಲು ಉಳಿಯುವುದು ಬಾಕಿಯದ್ದು ಮಾತ್ರ.

ಇಲ್ಲಿ ಮಾತ್ರ ಹೊಸ ಉಕ್ಕಿಗೆ ಹೆಚ್ಚು ದುಡ್ಡು ಕೊಡುವುದಕ್ಕೆ ಅರ್ಥ ಇದೆ ಅಂತ ನನ್ನ ಅಭಿಪ್ರಾಯ. ಲಾರಿನ್ ಥಾಮಸ್ ಅನ್ನುವ ಲೋಹ ತಜ್ಞರು ರೂಪಿಸಿ 2021ರಲ್ಲಿ ಬಂದ ಮ್ಯಾಗ್ನಾಕಟ್‌ನಲ್ಲಿ ಕ್ರೋಮಿಯಂ ಕಾರ್ಬೈಡ್ ಆಗದ ಹಾಗೆ ಲೆಕ್ಕ ಹಾಕಿದ್ದಾರೆ. ಹಾಗಾಗಿ ಇರುವ ಕ್ರೋಮಿಯಂ ಪೂರ್ತಿ ತುಕ್ಕು ತಡೆಯುತ್ತದೆ. ಎಲ್‌ಸಿ200ಎನ್ ಅನ್ನುವುದರಲ್ಲಿ ಕಾರ್ಬನ್ನಿನ ಜಾಗವನ್ನು ಬಹುಪಾಲು ನೈಟ್ರೋಜನ್ನಿಗೆ ಕೊಟ್ಟಿದ್ದಾರೆ. ಬೋಟಿನಲ್ಲಿ ಕೆಲಸ ಮಾಡುವವರಿಗೆ, ದಿನಾ ಉಪ್ಪುನೀರಿನಲ್ಲಿ ಕೈ ಇರುವವರಿಗೆ ಇಂಥದ್ದು ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಮನೆಯಲ್ಲಿ ಇರುವವರಿಗೆ ಒಂದು ಒಣ ಬಟ್ಟೆ ಮತ್ತು ಎರಡು ಹನಿ ತೆಂಗಿನೆಣ್ಣೆ ಅಷ್ಟೇ ಕೆಲಸ ಮಾಡುತ್ತದೆ.

ಮಸೆಯಲು ಬಾರದವರು ಇಪ್ಪತ್ತು ಸಾವಿರದ ಚಾಕು ಕೊಂಡರೆ ಆ ಚಾಕುವಿನ ಸುಖ ಕೆಲವು ತಿಂಗಳು ಮಾತ್ರ. ಆಮೇಲೆ ಅದು ಮೊಂಡು ಚಾಕು, ಅಷ್ಟೇ. ಪೇಟೆಯಲ್ಲಿ ಕೊಟ್ಟರೆ ಒಣ ಗ್ರೈಂಡರಿಗೆ ಹಿಡಿಯುತ್ತಾರೆ. ಕಿಡಿ ಹಾರುತ್ತದೆ, ಬಾಯಿ ನೀಲಿಯಾಗುತ್ತದೆ. ಆಚಾರ್ರ ಕುಲುಮೆಯಲ್ಲಿ ನೋಡಿದ ಅದೇ ನೀಲಿ. ಅಷ್ಟು ದುಡ್ಡು ಕೊಟ್ಟು ಪಡೆದ ಹದ ಅಲ್ಲಿಗೆ ಮುಗಿಯಿತು. ಎಳೆದರೆ ಹರಿತವಾಗುವ ಪ್ಲಾಸ್ಟಿಕ್ ಡಬ್ಬಿಗಳೂ ಗಟ್ಟಿ ಬಾಯಿಯನ್ನು ಕಿತ್ತು ತೆಗೆಯುತ್ತವೆ. ಅದರ ಬದಲು ಒಂದೆರಡು ಸಾವಿರಕ್ಕೆ 1000 ಗ್ರಿಟ್ಟಿನ ಒಂದು ನೀರುಕಲ್ಲು ತೆಗೆದುಕೊಳ್ಳಿ. ಒಂದೇ ಕೋನದಲ್ಲಿ ಹಿಡಿದು ಮಸೆಯಿರಿ. ಆಚೆ ಬದಿಯ ಅಂಚು ಇಡೀ ಉದ್ದಕ್ಕೆ ಬೆರಳಿಗೆ ಒರಟಾಗಿ ತಾಗುವ ತನಕ ಬದಿ ಬದಲಿಸಬೇಡಿ. ಹೆಚ್ಚಿನವರು ಸೋಲುವುದು ಇಲ್ಲೇ, ಅವಸರದಲ್ಲಿ ಬೇಗ ತಿರುಗಿಸಿಬಿಡುತ್ತಾರೆ. ನೂರು ರೂಪಾಯಿಯ ಚೂರಿಯ ಮೇಲೆ ಕಲಿಯಿರಿ, ಹೋದರೆ ಅದು ಹೋಗಲಿ.

ನನ್ನ ಅಕ್ಕನ ಮಗಳು ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾಳೆ. ಅವಳು ಇಪ್ಪತ್ತನಾಲ್ಕು ಸಾವಿರದ ಗ್ಯೂಟೊ ಒಂದನ್ನು ಮೊಬೈಲಿನಲ್ಲಿ ತೋರಿಸಿದಳು. “ಮಾವ, ಇದನ್ನು ತೆಗೊಂಡ್ರೆ ನಿಜವಾಗಿ ಕೆಲಸ ಸುಲಭ ಆಗ್ತದಾ, ಅಲ್ಲ ಅಮ್ಮ ಹೇಳಿದ ಹಾಗೆ ಬರೀ ಶೋಕಿಯಾ?” ಅಂತ ಕೇಳಿದಳು. ಅಕ್ಕ ಪಕ್ಕದಲ್ಲೇ ಕುಳಿತಿದ್ದಳು. ದಿನಕ್ಕೆ ಎಷ್ಟು ಹೊತ್ತು ಚಾಕು ಹಿಡಿಯುತ್ತೀ ಅಂತ ನಾನು ಕೇಳಿದೆ. ಟ್ರೈನಿಂಗ್ ಹೊತ್ತಿನಲ್ಲಿ ಬೆಳಗ್ಗಿನಿಂದ ಸಂಜೆ ತನಕ ಅಂದಳು. ಹಾಗಿದ್ದರೆ ತೆಗೆದುಕೋ ಅಂದೆ. ಕೆಜಿಗಟ್ಟಲೆ ಈರುಳ್ಳಿ ಹೆಚ್ಚುವ ಕೈಗೆ ಹಗುರ, ತೆಳು ಅಲಗು ಶೋಕಿ ಅಲ್ಲ. ಸಂಜೆ ಮಣಿಕಟ್ಟಿನ ನೋವಿನಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಇಪ್ಪತ್ತನಾಲ್ಕು ಬೇಡ, ಹನ್ನೆರಡರಿಂದ ಹದಿನೈದರ ಒಳಗೆ ಹುಡುಕು, 21 ಸೆಂಟಿಮೀಟರಿನದ್ದು, ಗೆರೆ ಚಿತ್ತಾರ ಇಲ್ಲದ್ದು, ಉಳಿದ ದುಡ್ಡಿಗೆ ಕಲ್ಲು ಮತ್ತು ಮರದ ಹಲಗೆ ಅಂದೆ. ಅಕ್ಕನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆದರೂ ಇದು ನಾನು ಯೋಚಿಸಿಯೇ ಹೇಳಿದ್ದು. ನೂರು ರೂಪಾಯಿಯಿಂದ ನಾಲ್ಕೈದು ಸಾವಿರದ ತನಕ ಕೊಟ್ಟ ಪ್ರತಿ ರೂಪಾಯಿ ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಹದಿನೈದರ ತನಕ ದಿನವಿಡೀ ಕತ್ತರಿಸುವವರಿಗೆ ಗೊತ್ತಾಗುತ್ತದೆ. ಅದರ ಮೇಲೆ, ಕುಶಲಕರ್ಮಿಯ ಕೆಲಸವನ್ನು ಪ್ರೀತಿಸುವವರಿಗೆ ಮಾತ್ರ.

ಪ್ರೀತಿಸುವವರು ಕೊಡುವುದು ತಪ್ಪಲ್ಲ. ಸಾಕೈಯ ಚಾಕು ಕೆಲಸವನ್ನು ಜಪಾನ್ ಸರ್ಕಾರ 1982ರಲ್ಲಿ ಸಾಂಪ್ರದಾಯಿಕ ಕಸುಬು ಅಂತ ಗುರುತಿಸಿತು. ಜರ್ಮನಿಯಲ್ಲಿ ಸೋಲಿಂಗೆನ್ ಅನ್ನುವ ಊರಿನ ಹೆಸರನ್ನು ಹೊರಗಿನವರು ಚಾಕುವಿನ ಮೇಲೆ ಹಾಕದಂತೆ 1938ರಲ್ಲೇ ಕಾನೂನು ಬಂತು. ಆ ಊರುಗಳ ಹೆಸರಿಗೆ ಬೆಲೆ ಬಂದದ್ದು ಸುಮ್ನೆ ಅಲ್ಲ, ಜನ ಬೆಲೆ ಕಟ್ಟಿ ಕಾಪಾಡಿಕೊಂಡರು. ನಮ್ಮಲ್ಲಿ ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು, ಉಡುಪಿ ಮಲ್ಲಿಗೆಗೂ ಇದೆ. ಬಹಳ ಒಳ್ಳೆಯದಾಯಿತು. ಆದರೆ ಕಳ್ಳು ಇಳಿಸುವ ಮೂರ್ತೆಯವರ ಕತ್ತಿ ಮಾಡಿಕೊಡುವವರ ಹೆಸರು ಯಾರಿಗೆ ಗೊತ್ತು? ತಾಳೆಯ ಹೊಂಬಾಳೆಯನ್ನು ದಿನಾ ಕಾಗದದಷ್ಟು ತೆಳು ಸವರಬೇಕು. ಬಾಯಿ ಸ್ವಲ್ಪ ಮೊಂಡಿದ್ದರೂ ಹೊಂಬಾಳೆ ಜಜ್ಜಿಹೋಗಿ ಕಳ್ಳು ಇಳಿಯುವುದಿಲ್ಲ. ಅಷ್ಟು ಹರಿತ ಬರುವ ಅಲಗನ್ನು ಈ ಜಿಲ್ಲೆಗಳಲ್ಲಿ ಮಾಡುತ್ತಾ ಬಂದಿದ್ದಾರೆ.

ಸಾಕೈಯ ಅಪರಿಚಿತರಿಗೆ ಇಪ್ಪತ್ತು ಸಾವಿರ ಕೊಡುವಾಗ ಚೌಕಾಶಿ ಮಾಡದ ನಾವು, ಆಚಾರ್ರ ಹತ್ತಿರ ನಾನೂರರ ಚೂರಿಗೆ ಮುನ್ನೂರೈವತ್ತು ಅನ್ನುತ್ತೇವೆ. ಈ ಮಾತು ನನ್ನನ್ನು ಬಹಳ ಕಾಡುತ್ತದೆ. ಅವರ ಚೂರಿ ಸಾಕೈಯದ್ದಕ್ಕೆ ಸಮ ಅಂತ ನಾನು ಹೇಳುವುದಿಲ್ಲ. ಹದ ಚೆನ್ನಾಗಿದೆ, ಅಲಗು ದಪ್ಪ, ಬದಿ ಏರುತಗ್ಗು. ಯಾಕೆಂದರೆ ನಾನೂರು ರೂಪಾಯಿಗೆ ಅಷ್ಟೇ ಹೊತ್ತು ಕೊಡಲು ಸಾಧ್ಯ. ತೆಳು ಮಾಡುವ ಕೆಲಸಕ್ಕೆ ಹೊತ್ತು ಬೇಕು, ಆ ಹೊತ್ತಿಗೆ ಯಾರೂ ದುಡ್ಡು ಕೊಟ್ಟಿಲ್ಲ. ಈಗ ಅವರ ಹೆಚ್ಚಿನ ಸಂಪಾದನೆ ಗೇಟು, ಗ್ರಿಲ್ಲು ವೆಲ್ಡಿಂಗಿನಿಂದ. ಕುಲುಮೆಗೆ ಬೆಂಕಿ ಹಾಕುವುದು ಕೃಷಿಕರು ಕತ್ತಿ ಹೇಳಿದಾಗ ಮಾತ್ರ.

ಈ ಸಲ ನಾನು ಒಂದು ಅಡುಗೆ ಚೂರಿ ಹೇಳಿದ್ದೇನೆ, ಎಂಟು ಇಂಚಿನದ್ದು. ಹೇಗೆ ತೆಳು ಬೇಕು ಅಂತ ತೋರಿಸಲು ಗೆಳೆಯರ ಒಂದು ಗ್ಯೂಟೊ ತೆಗೆದುಕೊಂಡು ಹೋಗಿದ್ದೆ. ಅವರು ಅದನ್ನು ಕೈಯಲ್ಲಿ ತಿರುಗಿಸಿ, ಬೆಳಕಿಗೆ ಹಿಡಿದು, ಬೆನ್ನಿನಿಂದಲೇ ನೋಡಿದರು. ಉಗುರಿನ ಮೇಲೆ ಬಾಯಿಯನ್ನು ಮೆಲ್ಲಗೆ ಒತ್ತಿ ಬಗ್ಗುತ್ತದಾ ಅಂತ ನೋಡಿದರು. “ಕೆಲಸ ಭಾರೀ ಲಾಯ್ಕ ಉಂಟು. ಆದ್ರೆ ಪ್ಲೇಟಲ್ಲಿ ಇಷ್ಟು ತೆಳು ಮಾಡಿದ್ರೆ ನಿಮ್ಮ ಮನೇಲಿ ಯಾರಾದ್ರೂ ಕಾಯಿ ಒಡೀಲಿಕ್ಕೆ ಹೋದ್ರೆ ಬಾಯಿ ಹೋಗ್ತದೆ ಮಾರಾಯ್ರೆ” ಅಂದರು. ಸ್ವಲ್ಪ ಯೋಚಿಸಿ, ಹಿಡಿಯ ಹತ್ತಿರದ ಎರಡು ಇಂಚು ದಪ್ಪ ಬಿಟ್ಟು, ಅಲ್ಲಿಂದ ತುದಿಗೆ ಹೋಗುತ್ತಾ ತೆಳು ಮಾಡುವ ಅಂತ ಅವರೇ ಹೇಳಿದರು. ಅದು ನನಗೆ ಹೊಳೆದಿರಲಿಲ್ಲ.

ಬೆಲೆ ಕೇಳಿದಾಗ ಆರುನೂರು ಅಂದರು. ಎಷ್ಟು ದಿನದ ಕೆಲಸ ಅಂತ ಕೇಳಿದೆ. ಎಲ್ಲ ಸೇರಿ ಎರಡು ದಿನ ಅಂದರು. ನಮ್ಮೂರಿನಲ್ಲಿ ಗಾರೆ ಕೆಲಸದ ಮೇಸ್ತ್ರಿಗೆ ದಿನಕ್ಕೆ ಸಾವಿರದ ಮೇಲಿದೆ. ಆ ಲೆಕ್ಕದಲ್ಲಿ ಮೂರು ಸಾವಿರಕ್ಕೆ ಮಾತಾಯಿತು, ಅರ್ಧ ಮುಂಗಡ ಕೊಟ್ಟೆ. ಮೊದಲು ಬೇಡ ಅಂದರು, ಆಮೇಲೆ ತೆಗೆದುಕೊಂಡರು. ತೆಳು ಮಾಡುವಾಗ ಬಿಸಿ ಏರದ ಹಾಗೆ ನೀರು ಬಿಡುವ ವ್ಯವಸ್ಥೆ ಗ್ರೈಂಡರಿಗೆ ಮಾಡಿಕೊಳ್ಳುತ್ತಾರಂತೆ. ದೀಪಾವಳಿ ಕಳೆದ ಮೇಲೆ ಕೊಡುತ್ತೇನೆ ಅಂದಿದ್ದಾರೆ. ಕದ್ರಿಯ ಇಬ್ಬರು ಗೆಳೆಯರು ಅದೇ ಬೆಲೆಗೆ ತಮಗೂ ಒಂದೊಂದು ಹೇಳಿಡಿ ಅಂದಿದ್ದಾರೆ. ಅವರಲ್ಲಿ ಒಬ್ಬರಿಗೆ ಮೀನಿಗೆ ಬೇಕಂತೆ, ಅದು ಬೇರೆಯೇ ಅಳತೆ.